ವಿಭೂತಿ ಹಚ್ಚಿದ ಡಿಸ್ಕು

ಮಧ್ಯಾಹ್ನ ಎರಡರಿಂದ ಮೂರೂವರೆಯವರೆಗೆ ಉಮರ್ಗಾ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ವ್ಯಾಪಾರ ಎಂಬುದು ಇರುವುದಿಲ್ಲ. ಅಂಗಡಿಯವರು ಶಟರ್ ಅರ್ಧ ಎಳೆದು, ಬುತ್ತಿ ಬಿಚ್ಚಿ ಉಂಡು, ಅಲ್ಲೇ ಚಾಪೆಯ ಮೇಲೆ ಕಾಲು ಚಾಚುತ್ತಾರೆ. ನನಗೆ ಹಗಲು ನಿದ್ದೆ ಬರುವುದಿಲ್ಲ. ಝೆರಾಕ್ಸ್ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು, ಜನ ಬಿಟ್ಟುಹೋದ ಅರ್ಜಿಗಳನ್ನು ತುಂಬುತ್ತೇನೆ. ಹಾಗಾಗಿ ಗೋಡೆಯ ಆಚೆಯ ದನಿಗಳನ್ನು ಕೇಳಿದವಳು ನಾನೊಬ್ಬಳೇ.

ಮೊದಲ ಸಲ ಕೇಳಿದ್ದು ಒಬ್ಬ ಹೆಂಗಸಿನ ಬೈಗುಳ. 'ಹಾಲ ಉಕ್ಕಲಕತ್ತಾದ, ನೀ ಇದನ್ನ ಹಿಡಕೊಂಡು ನಿಂತೀ.' ಅದರ ಹಿಂದೆಯೇ ಒಂದು ಹುಡುಗಿಯ ನಗು. ನಗು ನಡುವೆಯೇ ನಿಂತುಹೋಯಿತು, ಯಾರೋ ಬಾಯಿ ಮುಚ್ಚಿದ ಹಾಗೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅದೇ ಹಾಲು, ಅದೇ ಬೈಗುಳ, ಅದೇ ನಗು. ಅದೇ ಜಾಗಕ್ಕೆ ಬಂದು ಮತ್ತೆ ನಿಂತಿತು.

ಗೋಡೆಯ ಆಚೆಗಿರುವುದು ರೇವಣಸಿದ್ಧಣ್ಣನ ಕಂಪ್ಯೂಟರ್ ರಿಪೇರಿ ಅಂಗಡಿ. ಅವನ ಹೆಂಡತಿ ಪ್ರೇಮಾಬಾಯಿ ಆ ಹೊತ್ತಿಗೆ ಮನೆಯಲ್ಲಿರುತ್ತಾಳೆ. ಹಾಗಾದರೆ ಒಳಗಿರುವ ಹೆಂಗಸು ಯಾರು? ನನ್ನ ಮನಸ್ಸು ಅಷ್ಟೇನೂ ಸ್ವಚ್ಛವಾದದ್ದಲ್ಲ, ಮೊದಲು ಹೋಗಬಾರದ ಕಡೆಗೇ ಹೋಯಿತು. ಒಂದು ದಿನ ಸಕ್ಕರೆ ಕೇಳುವ ನೆಪದಲ್ಲಿ ಅರ್ಧ ಶಟರಿನ ಕೆಳಗೆ ಬಗ್ಗಿ ನೋಡಿದೆ. ಒಳಗೆ ಅವನೊಬ್ಬನೇ. ಮೇಜಿನ ಮೇಲೆ ತಂತಿ ಸಿಕ್ಕಿಸಿದ ಒಂದು ಡಿಸ್ಕು, ಅಂಗೈಯಗಲದ ಸ್ಪೀಕರು. ಅಣ್ಣ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ಕೂತಿದ್ದ. ಮೇಜಿನ ಮೇಲಿಂದ ಒಬ್ಬ ಹುಡುಗಿ, 'ಮತ್ತ? ಮುಂದ?' ಎಂದು ಕೇಳುತ್ತಿದ್ದಳು.

ನಾನು ಸಕ್ಕರೆ ಕೇಳದೆ ಬಂದೆ. ದೆವ್ವ ಪಿಶಾಚಿಯಲ್ಲಿ ನನಗೆ ನಂಬಿಕೆ ಇಲ್ಲ. ಆದರೆ ಆಮೇಲಿನ ಎಷ್ಟೋ ತಿಂಗಳು, ಮಧ್ಯಾಹ್ನ ಎರಡರಿಂದ ಮೂರೂವರೆಯವರೆಗೆ ಮಾತ್ರ ಇತ್ತು.

ನನ್ನ ಹೆಸರು ಮೀನಲ. ತವರು ಆಳಂದ, ಕಲಿತದ್ದು ಕನ್ನಡ ಶಾಲೆ. ಗಡಿಯಾಚೆಯ ಈ ಊರಿನವರು ಮನೆಯಲ್ಲಿ ಕನ್ನಡ ಆಡಿ ಮರಾಠಿಯಲ್ಲಿ ಬರೆಯುತ್ತಾರೆ. ನಾನು ಆಡಿದ್ದರಲ್ಲೇ ಬರೆಯುವ ಹಟದವಳು. ರೇವಣಸಿದ್ಧಣ್ಣನನ್ನು ಎದುರಿಗೆ 'ರೀ' ಇಲ್ಲದೆ ಕರೆದವಳಲ್ಲ. ಬರೆಯುವಾಗ ಒಡಹುಟ್ಟಿದವನ ಹಾಗೆ ಏಕವಚನವೇ ಬರುತ್ತಿದೆ, ಬರಲಿ.

ಅವನಿಗೆ ಐವತ್ತೆರಡು. ಗುಂಜೋಟಿಯ ಒಕ್ಕಲು ಮನೆತನ. ಹೊಲವನ್ನು ದೊಡ್ಡ ಅಣ್ಣ ನೋಡಿಕೊಂಡ; ಇವನು ಹದಿನೇಳಕ್ಕೆ ಉದಗೀರಕ್ಕೆ ಹೋಗಿ ಒಬ್ಬ ಉಸ್ತಾದರ ಹತ್ತಿರ ರೇಡಿಯೋ ರಿಪೇರಿ ಕಲಿತ. ರೇಡಿಯೋ ಹೋಗಿ ಟಿವಿ ಬಂತು, ಟಿವಿ ಹೋಗಿ ಕಂಪ್ಯೂಟರು ಬಂತು, ಒಂದೊಂದನ್ನೂ ಬಿಚ್ಚಿಯೇ ಕಲಿತ. ಬೆಳಿಗ್ಗೆ ಎಂಟಕ್ಕೆ ಹಣೆಯ ತುಂಬ ವಿಭೂತಿ, ಜೇಬಿನಲ್ಲಿ ಟೆಸ್ಟರು. ಮಾತು ಬಹಳ ಕಡಿಮೆ. ಗಿರಾಕಿ ಹತ್ತು ಮಾತಾಡಿದರೆ ಇವನದು ಒಂದು 'ನೋಡ್ತೀನಿ'. ಆದರೆ ಅವನ ಕೈಗೆ ಕೊಟ್ಟದ್ದು ಕೆಟ್ಟಿತು ಎಂದು ಒಬ್ಬರೂ ಓಣಿಯಲ್ಲಿ ನಿಂತು ಕೂಗಾಡಿದ್ದಿಲ್ಲ. ಆ ಹೆಸರೇ ಅವನ ಆಸ್ತಿ, ಆಮೇಲೆ ಅವನನ್ನು ತಿಂದದ್ದೂ ಅದೇ.

ಅವನ ಕೆಲಸದಲ್ಲಿ ಒಂದು ಪದ್ಧತಿ ಇತ್ತು. ಗುಂಜೋಟಿಯ ಅವರ ಮನೆಯಲ್ಲಿ ಸುಗ್ಗಿಯಾದ ಕೂಡಲೇ ಬೀಜದ ಜೋಳವನ್ನು ಬೇರೆ ಚೀಲಕ್ಕೆ ತುಂಬಿ, ಮನೆಯ ಹಿರಿಯರು ಅದರ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದರಂತೆ. ಆಮೇಲೆ ಬಿತ್ತುವ ದಿನದವರೆಗೆ ಆ ಚೀಲಕ್ಕೆ ಯಾರೂ ಕೈ ಹಚ್ಚುವಂತಿಲ್ಲ. ಮನೆಗೆ ಬೀಗರು ಬಂದು ಹಿಟ್ಟು ತೀರಿದರೂ ಪಕ್ಕದ ಮನೆಯಿಂದ ಕಡ ತರಬೇಕು, ಆ ಚೀಲ ಬಿಚ್ಚಬಾರದು. ಅಣ್ಣ ಇದನ್ನು ರಿಪೇರಿಯ ಮೇಜಿಗೆ ತಂದಿದ್ದ. ಯಾರದೇ ಯಂತ್ರದಿಂದ ಡಿಸ್ಕು ಹೊರಗೆ ತೆಗೆದರೆ, ಅದರೊಳಗೆ ಜನರ ಫೋಟೋ, ಕಾಗದಪತ್ರ ಇದ್ದರೆ, ವಿಭೂತಿಯ ಡಬ್ಬಿಯಲ್ಲಿ ಬೆರಳು ಅದ್ದಿ ಮೂರು ಪಟ್ಟಿ ಎಳೆದು ಬದಿಗಿಡುತ್ತಿದ್ದ. ಪಟ್ಟಿ ಇದ್ದದ್ದು ಮುಟ್ಟಬಾರದ್ದು, ಇಲ್ಲದ್ದು ಬರೀ ತಗಡು.

"ಅಣ್ಣಾವ್ರ, ಇದಕ್ಕ ದೀಕ್ಷಾ ಆಯ್ತೇನ್ರಿ? ಇನ್ನ ಲಿಂಗಾ ಒಂದು ಕಟ್ಟಿಬಿಡ್ರಿ," ಎಂದು ನಾನು ಕಾಡುತ್ತಿದ್ದೆ.

"ಬೀಜ ಅದರೀ ವೈನಿ. ಬೀಜಕ್ಕ ಗುರುತ ಬೇಕು," ಎನ್ನುತ್ತಿದ್ದ. ನಗುತ್ತಿರಲಿಲ್ಲ. ನನ್ನನ್ನು ಅವನು ಅತ್ತಿಗೆಯ ಲೆಕ್ಕದಲ್ಲಿ 'ವೈನಿ' ಎನ್ನುತ್ತಾನೆ.

ಹೋದ ಶ್ರಾವಣದ ಒಂದು ಮುಂಜಾನೆ ನಿಲಂಗಾದ ಕಲ್ಯಾಣಪ್ಪ ಸಾವಕಾರರು ನನ್ನ ಅಂಗಡಿಗೆ ಬಂದರು. ಬಟ್ಟೆಯ ವ್ಯಾಪಾರಿ, ಬಿಳಿ ಅಂಗಿ, ಹೆಗಲ ಮೇಲೆ ಟಾವೆಲು. ಹಿಂದಿನ ದಿನ ಸೊಲ್ಲಾಪುರದ ಕಿವಿ ಡಾಕ್ಟರಿಗೆ ಹೆಂಡತಿಯನ್ನು ತೋರಿಸಿಕೊಂಡು ವಾಪಸ್ ಹೊರಟಿದ್ದರು. ನಿಲಂಗಾದ ಬಸ್ಸಿಗೆ ಇನ್ನೂ ಹೊತ್ತಿತ್ತು, ಹೆಂಡತಿಯನ್ನು ಬಸ್ ಸ್ಟ್ಯಾಂಡಿನಲ್ಲಿ ಕೂರಿಸಿ, ಆಸ್ಪತ್ರೆಯ ಕಾಗದಗಳ ಝೆರಾಕ್ಸಿಗೆ ಬಂದಿದ್ದರು. ಪ್ರತಿ ಕಾಗದದ್ದೂ ಮೂರು ಮೂರು ಪ್ರತಿ. ನಾನು ಝೆರಾಕ್ಸ್ ಮಾಡುವ ಪ್ರತಿಯೊಂದನ್ನೂ ಓದುತ್ತೇನೆ, ಅದು ನನ್ನ ರೋಗ. 'ಸಣ್ಣ ದನಿಗಳು ಮೊದಲು ಹೋಗಿವೆ' ಎಂಬ ಅರ್ಥದ ಒಂದು ಸಾಲಿತ್ತು. ಓದಿದೆ, ಮುಂದಿನ ಕಾಗದ ಇಟ್ಟೆ.

"ಎಡಗಿವಿ ಪೂರಾ ಹೋಗ್ಯಾದ್ರಿ," ಎಂದರು ಕಲ್ಯಾಣಪ್ಪ. "ಬಲಗಿವಿ ಇನ್ನ ಮೂರ್ ನಾಕ್ ತಿಂಗಳಾ ಅಂದಾರ. ನರಾನೇ ಸೊರಗ್ಯಾವಂತ. ಮಷೀನ ಹಚ್ಚಿದ್ರೂ ಉಪಯೋಗಿಲ್ಲ ಅಂದಾರ."

ರೇವಣಸಿದ್ಧಣ್ಣ ಚಹಾದ ಗ್ಲಾಸು ಹಿಡಿದು ನನ್ನ ಬಾಗಿಲಲ್ಲಿ ನಿಂತಿದ್ದ. ಕಲ್ಯಾಣಪ್ಪ ಅವನನ್ನು ನೋಡಿ ಎರಡೂ ಕೈ ಹಿಡಿದುಕೊಂಡರು.

"ನಿಮ್ಮ ಉಪಕಾರ ಮರಿಯಂಗಿಲ್ರಿ. ಆ ಡಿಸ್ಕ ಕೊಟ್ರಿ, ಸಪನಾನ ಸಮಾಧಿ ಬಾಜೂಕ ಮಣ್ಣ ಮಾಡೀವಿ. ನಮ್ಮ ಕಸ್ತೂರಬಾಯಿ ಸೋಮಾರಕ್ಕೊಮ್ಮಿ ಹೊಲಕ್ಕ ಹೋಗಿ ದೀಪಾ ಹಚ್ಚಿ ಬರ್ತಾಳ. ಮಗಳ ದನಿ ಇದರಾಗಿತ್ತು ಅಂತ ಕೈ ಮುಗೀತಾಳ."

'ಬರ್ರಿ, ಚಹಾ ಕುಡೀರಿ' ಎಂದು ನಮ್ಮ ಕಡೆ ವೈರಿಗೂ ಅನ್ನುತ್ತಾರೆ. ಅಣ್ಣ ಅನ್ನಲಿಲ್ಲ. ಕೈ ಬಿಡಿಸಿಕೊಂಡ, ಗ್ಲಾಸನ್ನು ನನ್ನ ಯಂತ್ರದ ಮೇಲೆ ಇಟ್ಟ, ಹೊರಟುಹೋದ. ಆ ಯಂತ್ರದ ಮೇಲೆ ಚಹಾ ಇಡಬಾರದೆಂದು ಹನ್ನೊಂದು ವರ್ಷದಿಂದ ಅವನಿಗೆ ಗೊತ್ತು. ನಾನು ಗ್ಲಾಸು ಎತ್ತಿಟ್ಟು, ಕಲ್ಯಾಣಪ್ಪನವರ ಕಾಗದ ಜೋಡಿಸಿ ಕೊಟ್ಟು ಕಳಿಸಿದೆ.

ಅಂದು ಮಧ್ಯಾಹ್ನ ಗೋಡೆಯ ಆಚೆ ದನಿ ಶುರುವಾದಾಗ ನಾನು ನೆಪ ಹುಡುಕಲಿಲ್ಲ. ಶಟರಿನ ಕೆಳಗೆ ತೂರಿ ಒಳಗೆ ಹೋಗಿ, ಅವನ ಎದುರಿನ ಸ್ಟೂಲು ಎಳೆದು ಕೂತೆ.

"ಸಪನಾ ಅಂದ್ರ ಈಕೀನೇ ಏನ್ರಿ?"

ಅವನು ಸ್ಪೀಕರು ಆರಿಸಿದ. ಆಮೇಲೆ ಹೇಳತೊಡಗಿದ. ಅವನ ಬಾಯಿಂದ ಅಷ್ಟು ಮಾತು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ಸಪನಾ ಕಲ್ಯಾಣಪ್ಪನವರ ಮಗಳು. ಉದಗೀರದಲ್ಲಿ ಹಾಸ್ಟೆಲಿನಲ್ಲಿದ್ದು ಕಂಪ್ಯೂಟರ್ ಕಲಿತವಳು. ಅಪ್ಪನಿಂದ ಒಂದು ಪೆಟ್ಟಿಗೆ ಕೊಡಿಸಿಕೊಂಡಿದ್ದಳು. ದಪ್ಪ ಪುಸ್ತಕದಷ್ಟು ದೊಡ್ಡದು, ಒಳಗೆ ಒಂದು ಡಿಸ್ಕು. ವೈಫೈ ಡಬ್ಬಿಯ ಪಕ್ಕದಲ್ಲಿಟ್ಟರೆ ಮನೆಯವರೆಲ್ಲರ ಫೋಟೋ, ಹಾಡು ಒಂದೇ ಕಡೆ ಕೂಡಿರುತ್ತವೆ, ಟಿವಿಯಲ್ಲಿ ನೋಡಬಹುದು. ಕಂಪನಿಯವರು ಅದರಲ್ಲಿ ಹಾಕಿ ಕಳಿಸಿದ್ದ ಪ್ರೋಗ್ರಾಮು ಹುಡುಗಿಗೆ ಹಿಡಿಸಲಿಲ್ಲ. ತಿಂಗಳೊಳಗೆ ಅದನ್ನು ಕಿತ್ತು, ತನಗೆ ಬೇಕಾದ ಲಿನಕ್ಸ್ ಎಂಬ ಬೇರೆ ಪ್ರೋಗ್ರಾಮು ಕೂರಿಸಿದಳು. ಮನೆಯವರ ದನಿ ಕೂಡಿಹಾಕುವ ಹುಚ್ಚು ಅವಳಿಗೆ. ಅವ್ವ ಬೈದದ್ದು, ಅವ್ವ ಹೇಳಿದ ಕಥೆ, ಅಪ್ಪ ಗಿರಾಕಿಯ ಮುಂದೆ ಬಟ್ಟೆಯ ಥಾನು ಬಿಚ್ಚುತ್ತ ಆಡಿದ್ದು, ಎಲ್ಲವನ್ನೂ ಫೋನಿನಲ್ಲಿ ಹಿಡಿದು ಪೆಟ್ಟಿಗೆಗೆ ತುಂಬುತ್ತಿದ್ದಳು. ನಾಲ್ಕು ವರ್ಷದ ಹಿಂದಿನ ಮಳೆಗಾಲದಲ್ಲಿ ಡೆಂಗ್ಯೂ ಜ್ವರ ಬಂತು, ಐದು ದಿನ, ಹೋಗಿಬಿಟ್ಟಳು. ಇಪ್ಪತ್ತೆರಡು ವಯಸ್ಸು.

ಪೆಟ್ಟಿಗೆ ಟಿವಿಯ ಪಕ್ಕದಲ್ಲಿ ಮಿಣುಕುತ್ತ ಉಳಿಯಿತು. ಒಳಗೆ ಹೋಗುವ ದಾರಿ ಅವಳೊಬ್ಬಳಿಗೇ ಗೊತ್ತಿತ್ತು. ಕಲ್ಯಾಣಪ್ಪ ಅದನ್ನು ಬಟ್ಟೆಯಲ್ಲಿ ಸುತ್ತಿ ಅಣ್ಣನಿಗೆ ತಂದುಕೊಟ್ಟರು. "ಅಂಗಡಿಂದ ತಂದಾಗ ಹ್ಯಾಂಗಿತ್ತೋ ಹಾಂಗ ಮಾಡಿಕೊಡ್ರಿ. ಟಿವ್ಯಾಗ ಹತ್ತಬೇಕು. ಅವರವ್ವಗ ಆಕಿ ದನಿ ಕೇಳಬೇಕಾಗ್ಯಾದ," ಎಂದಿದ್ದರು.

ಅಣ್ಣ ಪೆಟ್ಟಿಗೆ ಬಿಚ್ಚಿ ಡಿಸ್ಕು ತೆಗೆದು ತನ್ನ ಯಂತ್ರಕ್ಕೆ ಹಚ್ಚಿ ನೋಡಿದ. ಎಲ್ಲವೂ ಇತ್ತು. ಪರೀಕ್ಷೆಗೆಂದು ಒಂದನ್ನು ಮುಟ್ಟಿದ. 'ಅವ್ವಾ, ನಾ ಹುಟ್ಟಿದ ದಿನಾ ಹೇಳ' ಎಂದಿತು ಒಂದು ದನಿ. ಸತ್ತ ಮಗುವಿನ ದನಿ ಹೆತ್ತವಳಿಗಿಂತ ಮೊದಲು ತಾನು ಕೇಳುವುದು ಸರಿಯಲ್ಲವೆಂದು ಆರಿಸಿಬಿಟ್ಟ. ಡಿಸ್ಕಿಗೆ ಮೂರು ಪಟ್ಟಿ ಎಳೆದು ಬದಿಗಿಟ್ಟ. ಅಂದೇ ಅದನ್ನು ಬೇರೆ ಕಡೆ ನಕಲು ಮಾಡಿಕೊಳ್ಳಬೇಕಿತ್ತು. ಅವನ ಹತ್ತಿರ ಅದೇ ಜಾತಿಯ, ಅದೇ ಅಳತೆಯ ಒಂದು ಖಾಲಿ ಡಿಸ್ಕು ಇತ್ತು. ಮೊದಲು ಖಾಲಿಯದನ್ನು ಪೆಟ್ಟಿಗೆಗೆ ಹಾಕಿ ಕಂಪನಿಯ ಪ್ರೋಗ್ರಾಮು ಕೂರಿಸೋಣ, ಪೆಟ್ಟಿಗೆ ಸರಿಯಾದ ಮೇಲೆ ಹುಡುಗಿಯದೆಲ್ಲವನ್ನೂ ಅದಕ್ಕೆ ತುಂಬೋಣ ಎಂದುಕೊಂಡ. ಯಾಕೆಂದರೆ ಆ ಪ್ರೋಗ್ರಾಮಿನ ಮೊದಲ ಕೆಲಸವೇ ಒಳಗಿರುವ ಡಿಸ್ಕನ್ನು ಪೂರ್ತಿ ಅಳಿಸಿ ತನ್ನ ಗಡಿ ಹಾಕಿಕೊಳ್ಳುವುದು. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮರುದಿನ ದೀಪಾವಳಿ ಅಮಾವಾಸ್ಯೆ, ಅಂಗಡಿಯ ಲಕ್ಷ್ಮೀಪೂಜೆ. ಅಣ್ಣ ಚೆಂಡುಹೂವು ತರಲು ಹೋದಾಗ ಪ್ರೇಮಾಬಾಯಿ ಬಂದು ಅಂಗಡಿ ಗುಡಿಸಿ, ಮೇಜಿನ ಮೇಲಿದ್ದ ಸಾಮಾನಿಗೆಲ್ಲ ವಿಭೂತಿ ಹಚ್ಚಿದಳು. ಲ್ಯಾಪ್‌ಟಾಪಿಗೆ, ಇಕ್ಕಳಕ್ಕೆ, ಬೆಸುಗೆಯ ಕಡ್ಡಿಗೆ. ಖಾಲಿ ಡಿಸ್ಕಿಗೂ ಹಚ್ಚಿ, ಬದಿಗಿದ್ದ ಡಿಸ್ಕಿನ ಮೇಲಿಟ್ಟಳು. ಪ್ರತಿ ವರ್ಷ ಮಾಡುವ ಪೂಜೆ, ಅವಳಿಂದ ತಪ್ಪೇನೂ ಆಗಲಿಲ್ಲ.

ಪಾಡ್ಯ ಕಳೆದು ಅಣ್ಣ ಅಂಗಡಿ ತೆರೆದ. ಎರಡು ಡಿಸ್ಕು ಒಂದರ ಮೇಲೊಂದು ಇದ್ದವು. ಮೇಲಿನದರ ಮೇಲೆ ಮೂರು ಪಟ್ಟಿ. 'ಬೀಜ' ಎಂದುಕೊಂಡು ಅದನ್ನೆತ್ತಿ ಕಪಾಟಿನಲ್ಲಿಟ್ಟ. ಕೆಳಗಿನದನ್ನು ನೋಡಲಿಲ್ಲ. ಒಂದು ಬೀಜವಾದರೆ ಇನ್ನೊಂದು ತಗಡೇ, ಅದರಲ್ಲಿ ನೋಡುವುದೇನಿದೆ? ಕಣ್ಣು ಲ್ಯಾಪ್‌ಟಾಪಿನ ಮೇಲಿಟ್ಟು ಕೈಯಿಂದಲೇ ಪೆಟ್ಟಿಗೆಗೆ ಕೂರಿಸಿದ. ತಂತಿ ಹಚ್ಚಿದ, ಹಿಂದಿನ ಸಣ್ಣ ತೂತಿನಲ್ಲಿ ಪಿನ್ನು ಒತ್ತಿ ಹಿಡಿದ. ಆ ಪೆಟ್ಟಿಗೆ ಎಚ್ಚರಾದ ಕೂಡಲೇ ಕೆಲವೇ ಕ್ಷಣ ಹೊರಗಿನಿಂದ ಏನಾದರೂ ಬರುತ್ತದೆಯೇ ಎಂದು ಕಾಯುತ್ತದಂತೆ, ಅಷ್ಟರಲ್ಲೇ ಪ್ರೋಗ್ರಾಮು ಕೊಡಬೇಕು. ಎರಡು ಸಲ ತಪ್ಪಿತು, ಮೂರನೆಯ ಸಲ ತೆಗೆದುಕೊಂಡಿತು. ಇಪ್ಪತ್ತು ನಿಮಿಷ ಕೆಂಪು ದೀಪ ಮಿಣುಕಿ ನೀಲಿಯಾಯಿತು. ಪರದೆಯ ಮೇಲೆ ಕಂಪನಿಯ ಹೆಸರು ಬಂತು, ಅಂಗಡಿಯಿಂದ ತಂದ ಹಾಗೆಯೇ. ಅಣ್ಣ ಖುಷಿಯಿಂದ ಒಂದು ಚಹಾ ಕುಡಿದು ಬಂದ.

ಆಮೇಲೆ ಕಪಾಟಿನಿಂದ ಬೀಜದ ಡಿಸ್ಕು ತೆಗೆದು ಹಚ್ಚಿದ. ಅದು ಖಾಲಿ ಇತ್ತು.

"ಪೆಟ್ಟಿಗಿ ಮತ್ತ ಬಿಚ್ಚಿದೆ ವೈನಿ," ಎಂದ. "ಒಳಗಿಂದು ಹೊರಗ ತಗದು ನೋಡಿದೆ. ಅದರ ಮ್ಯಾಲೂ ಮೂರ ಪಟ್ಟಿ. ನನ್ನ ಬೆರಳಿಂದು. ಪ್ರೇಮಾನ ಬೆರಳು ಸಣ್ಣ ಅವ."

ಎರಡು ದಿನಕ್ಕೆ ಕಲ್ಯಾಣಪ್ಪ ಬಂದರು. ನಿಜ ಹೇಳಲು ಅಣ್ಣ ಬಾಯಿ ತೆರೆದನಂತೆ. ಹೊರಗೆ ಬಂದದ್ದು 'ಡಿಸ್ಕ ಮೊದಲೇ ಸತ್ತಿತ್ರಿ' ಎಂಬ ಮಾತು. ಕಲ್ಯಾಣಪ್ಪ, 'ಸತ್ತದ್ದೇ ಕೊಡ್ರಿ, ಆಕಿ ಬಾಜೂಕ ಇಡ್ತೀವಿ' ಎಂದರು. ಈಗ ಅಳಿಸಿದ್ದನ್ನು ಕೊಟ್ಟರೆ, ಲಾತೂರಿನಲ್ಲೋ ಎಲ್ಲೋ ಯಾರಾದರೂ ಹಚ್ಚಿ ನೋಡಿ, ಇದು ಸತ್ತಿಲ್ಲ, ಮೊನ್ನೆ ಅಳಿಸಿದ್ದು ಎಂದುಬಿಟ್ಟರೆ? ಅಣ್ಣ ಖಾಲಿಯದರ ತಂತಿ ಸಿಕ್ಕಿಸುವ ಬಾಯಿ ಇಕ್ಕಳದಿಂದ ಮುರಿದು ಅದನ್ನೇ ಕೊಟ್ಟ. ಪ್ರೇಮಾಬಾಯಿ ಹಚ್ಚಿದ ವಿಭೂತಿ ಅದರ ಮೇಲೆ ಹಾಗೆಯೇ ಇತ್ತು. ಕಲ್ಯಾಣಪ್ಪ ಕಣ್ಣಿಗೊತ್ತಿಕೊಂಡು ತೆಗೆದುಕೊಂಡು ಹೋದರು.

ಅಳಿಸಿದ ಡಿಸ್ಕಿನಲ್ಲಿ ಹೆಸರು, ಜಾಗ ಎಲ್ಲ ಹೋಗುತ್ತವೆ. ಒಳಗಿನ ಸರಕು ಅಲ್ಲಲ್ಲಿ ಚೂರುಚೂರಾಗಿ ಉಳಿದಿರುತ್ತದೆ. ಅಣ್ಣ ಎರಡು ವರ್ಷ, ದಿನವೂ ಮಧ್ಯಾಹ್ನ, ಆ ಚೂರುಗಳನ್ನು ಹೆಕ್ಕಿದ. ಫೋಟೋ ಒಂದೂ ಸಿಗಲಿಲ್ಲ. ದನಿಯ ಇನ್ನೂರ ಹದಿಮೂರು ತುಣುಕು ಸಿಕ್ಕವು. ದೊಡ್ಡದೆಂದರೆ ನಾಲ್ಕು ನಿಮಿಷ, ಉಳಿದವು ಒಂದು ಸಾಲು, ಅರ್ಧ ಸಾಲು. ಹುಡುಗಿ ಫೋನನ್ನು ಬೇರೆಯವರ ಬಾಯಿಗೆ ಹಿಡಿಯುತ್ತಿದ್ದವಳು, ಅವಳ ದನಿ ಎಲ್ಲ ಕಡೆಯೂ ದೂರದಿಂದ, ಸಣ್ಣದಾಗಿ. ಹೆಚ್ಚಿನ ಕಡೆ ಅವಳದು ಎರಡೇ ಮಾತು, 'ಮತ್ತ? ಮುಂದ?'

"ರೊಟ್ಟಿ ತಿನ್ನುವಾಗ ಆಕಿ ಮತ್ತ ಮುಂದ ಅಂತಾಳ ವೈನಿ. ಯಾರ ಜೋಡಿ ಮಾತಾಡಿದ್ರೂ, ಮಾತ ಮುಗಿದ ಕೂಡ್ಲೆ ಕೇಳ್ತಾಳ. ಅದಕ್ಕ ಮಾತೇ ಬ್ಯಾಡನಸ್ತದ."

"ಹೆಕ್ಕಿದ್ದು ಮುಗದು ಎರಡ ವರ್ಷಾ ಆಯ್ತಲ್ರಿ. ಕೊಟ್ಟು ಬರಬೇಕಿಲ್ಲೇನು?"

"ಹ್ಯಾಂಗ ಕೊಡಲಿ? ಸತ್ತದ ಅಂತ ಹೇಳೀನಿ. ಅವ್ರು ಮಣ್ಣ ಕೊಟ್ಟಾರ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಳಿಸಿದ್ದಕ್ಕೆ ಅಲ್ಲ, ಅದು ಯಾರ ಕೈಯಿಂದಲೂ ಆಗಬಹುದು. ಸುಳ್ಳು ಹೇಳಿದ್ದಕ್ಕೂ ಅಲ್ಲ, ಹೆದರಿದಾಗ ನಾನೂ ಹೇಳುತ್ತೇನೆ. ಎರಡು ವರ್ಷ ಪೂರ್ತಿ ಒಬ್ಬ ತಾಯಿಯ ಸೊತ್ತನ್ನು ಕಪಾಟಿನಲ್ಲಿಟ್ಟುಕೊಂಡು ತಾನೊಬ್ಬನೇ ಕೇಳುತ್ತ ಕೂತನಲ್ಲ, ಅದಕ್ಕೆ.

"ಬೀಜಾ ಬಿತ್ತಲಕ್ಕ ಇಡ್ತಾರ್ರೀ ಅಣ್ಣಾವ್ರ, ಬಚ್ಚಿಡಲಕ್ಕ ಅಲ್ಲ," ಎಂದೆ. "ಮೂರ ತಿಂಗಳಾ ಆದಮ್ಯಾಲ ಆಕಿಗಿ ಏನ ಕೇಳಸ್ತೀರಿ? ಸೋಮಾರ ಹೋಗಮು. ನಾ ಬರ್ತೀನಿ. ನೀವು ನಡೂವ ಬಸ್ಸಿನಾಗಿಂದ ಇಳಿಯುವ ಪೈಕಿ ಅದೀರಿ."

ಸೋಮವಾರ ನಿಲಂಗಾದ ಎಸ್‌ಟಿ ಬಸ್ಸು ಹತ್ತಿದೆವು. ಎರಡೂ ಕಡೆ ಸೋಯಾ ಮೊಣಕಾಲೆತ್ತರ ನಿಂತಿತ್ತು. ಅಣ್ಣ ಡಿಸ್ಕು, ಲ್ಯಾಪ್‌ಟಾಪು, ಹೊಸದಾಗಿ ತಂದ ದೊಡ್ಡ ಸ್ಪೀಕರು ಇದ್ದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಿಂದ ಹಿಡಿದು ಕೂತಿದ್ದ. ಮೊದಲು ಸಾವಕಾರರನ್ನು ಬದಿಗೆ ಕರೆದು ಮೆಲ್ಲಗೆ ಹೇಳಿರಿ ಎಂದೆ. "ಇಲ್ಲ, ಆಕಿ ಮುಂದೇ ಹೇಳ್ತೀನಿ," ಎಂದ.

ಪೇಟೆಯಲ್ಲಿ ಮುಂದೆ ಬಟ್ಟೆಯ ಅಂಗಡಿ, ಹಿಂದೆ ಮನೆ. ಅಂಗಡಿಯಲ್ಲಿ ಮಗ ನೀಲೇಶ ಗಿರಾಕಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದ. ಕಲ್ಯಾಣಪ್ಪ ನಮ್ಮನ್ನು ಒಳಗೆ ಕರೆದುಕೊಂಡು ಹೋದರು. ಕಸ್ತೂರಬಾಯಿ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ತೊಗರಿಬೇಳೆ ಆರಿಸುತ್ತಿದ್ದಳು. ಐವತ್ತು ದಾಟಿದ ಗಟ್ಟಿ ಹೆಂಗಸು. ನಾವು ಮಾತಾಡಿದರೆ ಮುಖ ನೋಡದೆ ಬಾಯಿ ನೋಡುತ್ತಿದ್ದಳು. ಟಿವಿಯ ಪಕ್ಕದಲ್ಲಿ ಆ ಪೆಟ್ಟಿಗೆ ಇತ್ತು, ನೀಲಿ ದೀಪ ಹತ್ತಿತ್ತು. ಒಳಗೆ ಹೊಸ ಡಿಸ್ಕು ಹಾಕಿಸಿಕೊಂಡಿದ್ದರು. ಅದರಲ್ಲಿ ಏನೂ ಇಲ್ಲ, ಆದರೂ ಆರಿಸುವುದಿಲ್ಲ ಎಂದರು ಕಲ್ಯಾಣಪ್ಪ.

ಅಣ್ಣ ಕುರ್ಚಿ ಬಿಟ್ಟು ನೆಲದ ಮೇಲೆ ಕೂತ. ತಲೆ ಬಗ್ಗಿಸಿ ಏನೋ ಮೆಲ್ಲಗೆ ಹೇಳಿದ.

"ಜೋರಾಗಿ ಹೇಳೋ ತಮ್ಮಾ," ಎಂದಳು ಕಸ್ತೂರಬಾಯಿ. ಬಲಗಿವಿಯನ್ನು ಅವನ ಕಡೆ ತಿರುಗಿಸಿದಳು. "ಈ ಕಿವಿಗಿ ಹೇಳ."

ಮತ್ತೆ ಹೇಳಿದ. ಆಕೆ ಇನ್ನೂ ಜೋರು ಎಂದು ಕೈ ಮಾಡಿದಳು. ಹುಟ್ಟಿದಾಗಿನಿಂದ ದನಿ ಎತ್ತದ ಮನುಷ್ಯ, ಕಡೆಗೆ ಕೂಗಿಯೇ ಹೇಳಬೇಕಾಯಿತು.

"ಡಿಸ್ಕ ಸತ್ತಿರಲಿಲ್ರಿ ಅಕ್ಕಾ. ನಾನೇ ಅಳಿಸೀನಿ. ಸುಳ್ಳ ಹೇಳೀನಿ. ನಿಮಗ ಕೊಟ್ಟಿದ್ದು ಖಾಲೀದು. ನೀವು ಮಣ್ಣ ಮಾಡಿದ್ದು ಖಾಲೀದು."

ಮುಂದಿನ ಅಂಗಡಿಯಲ್ಲಿ ಸೀರೆ ನೋಡುತ್ತಿದ್ದ ಹೆಂಗಸರು ಬಾಗಿಲ ಕಡೆ ತಿರುಗಿದ್ದು ನನಗೆ ಕಾಣಿಸಿತು. ಕಲ್ಯಾಣಪ್ಪ ಎದ್ದು ನಿಂತರು, ಮತ್ತೆ ಕೂತರು. ನನಗೆ ಅವನ ಪಕ್ಕದಲ್ಲಿ ಕೂರಲು ನಾಚಿಕೆಯಾಯಿತು, ಎದ್ದು ಹೋಗಲು ಇನ್ನೂ ಹೆಚ್ಚು.

"ನಾ ದೀಪಾ ಹಚ್ಚಿದ್ದು ಖಾಲೀದಕ್ಕೇನು?" ಎಂದು ಕೇಳಿದಳು ಕಸ್ತೂರಬಾಯಿ.

"ಹೌದ್ರಿ."

"ಖರೇದು ಎಲ್ಲದ?"

ಅಣ್ಣ ಚೀಲದಿಂದ ತೆಗೆದು ಆಕೆಯ ಮೊರದ ಪಕ್ಕದಲ್ಲಿಟ್ಟ. ಅಳಿಸಿದ್ದರಿಂದ ಹೆಕ್ಕಿದ ದನಿಯ ಚೂರುಗಳು ಎರಡು ವರ್ಷದಿಂದ ತನ್ನ ಹತ್ತಿರವೇ ಇದ್ದವೆಂದು ಕೂಗಿ ಹೇಳಿದ. ಪಟ್ಟಿಗಳು ಮಾಸಿದ್ದವು. ಆಕೆ ಮುಟ್ಟಲಿಲ್ಲ, "ಹಚ್ಚ," ಎಂದಳು.

ಸ್ಪೀಕರಿಗೆ ಬಲಗಿವಿ ತಾಗಿಸಿ ಕೂತಳು. ಹಾಲು ಉಕ್ಕಿದ ತುಣುಕು ಮೊದಲು ಬಂತು. ಆಕೆಯ ಮುಖ ಅರಳಿತು. "ಇದು ನಂದೇ ದನಿ. ಆವತ್ತ ಹಾಲ ಉಕ್ಕಿತ್ತು," ಎಂದು ಗಂಡನಿಗೆ ಹೇಳಿದಳು. ಹಿಂದೆಯೇ ಮಗಳ ನಗು ಬಂತು. ಅದು ಪಡಸಾಲೆಯಲ್ಲಿ ಎಲ್ಲರಿಗೂ ಕೇಳಿಸಿತು. ಕಲ್ಯಾಣಪ್ಪ ಟಾವೆಲನ್ನು ಬಾಯಿಗೊತ್ತಿಕೊಂಡು ಗೋಡೆಯ ಕಡೆ ತಿರುಗಿದರು. ಬಾಗಿಲಲ್ಲಿ ನಿಂತಿದ್ದ ನೀಲೇಶ ಅಲ್ಲೇ ಕೂತುಬಿಟ್ಟ.

ಕಸ್ತೂರಬಾಯಿ ಇನ್ನೂ ಕಾಯುತ್ತಿದ್ದಳು. "ಆಕಿ ಎಲ್ಲಿ?" ಎಂದಳು.

"ಈಗ ನಕ್ಕಳಲ್ರಿ," ಎಂದು ಕೂಗಿದ ಅಣ್ಣ. ಮತ್ತೆ ಹಾಕಿದ. ಇನ್ನಷ್ಟು ದನಿ ಏರಿಸಿದ. ಸ್ಪೀಕರು ಗರಗರ ಎಂದಿತು. ಇನ್ನೊಂದು ತುಣುಕು, ಮತ್ತೊಂದು. ಪ್ರತಿ ಸಲವೂ ಆಕೆ ತನ್ನ ದನಿ, ಗಂಡನ ದನಿ ಗುರುತಿಸಿದಳು, ಪ್ರತಿ ಸಲವೂ ನಮ್ಮ ಬಾಯಿ ನೋಡಿ, "ಆಕಿ ಎಲ್ಲಿ?" ಎಂದಳು. ಸಣ್ಣ ದನಿಗಳು ಮೊದಲು ಹೋಗಿವೆ. ನಾನು ಮೂರು ಪ್ರತಿ ತೆಗೆದುಕೊಟ್ಟ ಕಾಗದದಲ್ಲಿ ಅದು ಬರೆದಿತ್ತು.

ಕಡೆಗೆ ಆಕೆ ಸ್ಪೀಕರಿನಿಂದ ಕಿವಿ ತೆಗೆದಳು.

"ಎರಡ ವರ್ಷದ ಹಿಂದ ತಂದಿದ್ರ ಕೇಳ್ತಿದ್ದೆ ತಮ್ಮಾ. ಆವಾಗ ನನ್ನ ಕಿವಿ ಚೊಲೊ ಇದ್ದವು."

ಸಿಟ್ಟಿನಿಂದ ಹೇಳಲಿಲ್ಲ. ಮೊನ್ನೆ ಸಂತೆಗೆ ಹೋಗಿದ್ದೆ ಎಂದು ಹೇಳುವ ಹಾಗೆ ಹೇಳಿದಳು. ಆಕೆ ಚಪ್ಪಲಿ ತೆಗೆದುಕೊಂಡು ಹೊಡೆದಿದ್ದರೆ ಅಣ್ಣ ಬದುಕುತ್ತಿದ್ದ. ಅವನು ಹಣೆಯನ್ನು ನೆಲಕ್ಕೆ ಹಚ್ಚಿ ಕೂತ, ಎಷ್ಟು ಹೊತ್ತಾದರೂ ಏಳಲಿಲ್ಲ. ಲ್ಯಾಪ್‌ಟಾಪಿನಲ್ಲಿ ತುಣುಕುಗಳು ತಮ್ಮಷ್ಟಕ್ಕೆ ಒಂದಾದ ಮೇಲೊಂದು ಓಡುತ್ತಿದ್ದವು.

ಆಗ ಆ ತುಣುಕು ಬಂತು. ಅದು ಶುರುವಾಗುವ ಮೊದಲಿನ ಕೊಡದ ಸಪ್ಪಳವನ್ನು ಅಣ್ಣ ಗುರುತಿಸಿದ. ತಟ್ಟನೆ ತಲೆ ಎತ್ತಿದ. ಆಕೆಯ ಬಲಗಿವಿಗೆ ಬಾಯಿ ಹಚ್ಚಿ, ಹುಡುಗಿ ಹೇಳುವ ಹೊತ್ತಿಗೆ ಸರಿಯಾಗಿ ತಾನೂ ಹೇಳಿದ.

"ಅವ್ವಾ, ನಾ ಹುಟ್ಟಿದ ದಿನಾ ಹೇಳ."

ಅಣಕಿಸಲಿಲ್ಲ, ದನಿ ಬದಲಿಸಲಿಲ್ಲ. ಅವನದೇ ಒಡಕು ಗಂಡಸು ದನಿ. ಆದರೆ 'ಹೇಳ' ಎನ್ನುವ ಮೊದಲು ಹುಡುಗಿ ಸ್ವಲ್ಪ ನಿಲ್ಲುತ್ತಿದ್ದಳು, ಅವನೂ ಅಲ್ಲೇ ನಿಂತ. ಕಸ್ತೂರಬಾಯಿಯ ಕೈ ಮೊರದ ಮೇಲೆ ನಿಂತುಹೋಯಿತು. ಆಕೆ ಅವನ ಮುಖ ನೋಡಲಿಲ್ಲ, ಕಣ್ಣು ಮುಚ್ಚಿದಳು. ಸ್ಪೀಕರಿನಲ್ಲಿ ಆಕೆಯದೇ ದನಿ, 'ಆವತ್ತ ಮಳಿ ಅಂದ್ರ ಮಳಿ. ನಿಮ್ಮಪ್ಪ ಉದಗೀರಕ್ಕ ಬಟ್ಟಿ ತರಲಕ್ಕ ಹೋಗಿದ್ರು. ಸೂಲಗಿತ್ತಿ ಸರುಬಾಯಿ ತಲಿಮ್ಯಾಲ ಗೋಣಿ ಹೊತಗೊಂಡು ಬಂದ್ಲು, ಬಂದು...'

"ಮತ್ತ? ಮುಂದ?" ಎಂದ ಅಣ್ಣ.

ತುಣುಕು ಅಲ್ಲಿಗೆ ಮುಗಿದಿತ್ತು. ಅದರ ಮುಂದಿನದು ಅವನಿಗೆ ಸಿಕ್ಕಿರಲಿಲ್ಲ, ಎರಡು ವರ್ಷದಿಂದ ಅವನು ಅಲ್ಲೇ ನಿಂತಿದ್ದ. ಸ್ಪೀಕರು ಸುಮ್ಮನಾಯಿತು.

"ಬಂದು, ಒಲಿ ಹಚ್ಚಂದ್ಲು," ಎಂದಳು ಕಸ್ತೂರಬಾಯಿ, ಕಣ್ಣು ಮುಚ್ಚಿಕೊಂಡೇ. "ಕಟಗಿ ಎಲ್ಲಾ ಹಸೀ ಆಗಿದ್ವು. ಮನಿತುಂಬ ಹೊಗಿ. ಆ ಹೊಗ್ಯಾಗ ನೀ ಹುಟ್ಟಿದಿ. ಮೊದಲ ಅಳಲೇ ಇಲ್ಲ, ಕೆಮ್ಮಿದಿ. ಸರುಬಾಯಿ ನಕ್ಕೊಂತ ಅಂದ್ಲು, ಈ ಕೂಸು ಮಾತಾಡಲಕ್ಕೇ ಬಂದಾದ ಅಂತ."

ಕಲ್ಯಾಣಪ್ಪ ಗೋಡೆಯ ಕಡೆಯಿಂದ ತಿರುಗಿ ಹೆಂಡತಿಯನ್ನು ನೋಡಿದರು. ಅವರಿಗೂ ಅದು ಗೊತ್ತಿರಲಿಲ್ಲ. ಅಣ್ಣನ ಕಣ್ಣಿಂದ ನೀರು ಇಳಿದು ಗಲ್ಲದ ಮೇಲೆ ನಿಂತಿತ್ತು, ಒರೆಸಿಕೊಳ್ಳಲಿಲ್ಲ.

ಹೊರಡುವಾಗ ಅವನು ಡಿಸ್ಕನ್ನು ಆಕೆಯ ಕಡೆ ಸರಿಸಿದ. ಆಕೆ ಹಿಂದಕ್ಕೆ ಸರಿಸಿದಳು.

"ನೀನೇ ಇಟ್ಕೊ. ಆಕಿ ನಿನ್ನ ಜೋಡಿ ಮಾತಾಡ್ತಾಳ, ನನ್ನ ಜೋಡಿ ಮಾತಾಡಂಗಿಲ್ಲ. ನೀನೇ ಬಂದು ಹೇಳ. ಸೋಮಾರ ಸೋಮಾರ ಬಾ."

"ಹೊಲದಾಗಿಂದು ತಗಸಲೇನ್ರಿ?" ಎಂದು ಕೂಗಿ ಕೇಳಿದ.

"ಬ್ಯಾಡ. ಇಷ್ಟ ವರ್ಷಾ ದೀಪಾ ಹಚ್ಚೀನಿ ಅದಕ್ಕ. ಇರಲಿ."

ಆಮೇಲಿನ ಸೋಮವಾರಗಳನ್ನು ಅಣ್ಣ ಒಂದೂ ತಪ್ಪಿಸಿಲ್ಲ. ನಿಲಂಗಾದ ಪೇಟೆಯಲ್ಲಿ ಅವನು ಕೂಗಿದ್ದು ವಾರದೊಳಗೆ ಉಮರ್ಗಾಕ್ಕೆ ಬಂತು. ಕೆಲವು ಗಿರಾಕಿ ತಪ್ಪಿದರು. ಹೆಸರು ಹೋಯಿತೆಂದು ಅವನು ದುಃಖಪಟ್ಟದ್ದನ್ನು ನಾನು ನೋಡಲಿಲ್ಲ. ಕಾರ್ತೀಕದಲ್ಲಿ ಕಸ್ತೂರಬಾಯಿಯ ಬಲಗಿವಿಯೂ ಮುಚ್ಚಿತು. ಇನ್ನು ಹೋಗುವುದೇನು ಉಳಿಯಿತು ಎಂದುಕೊಂಡೆ ನಾನು. ಅವನು ಹೋದ. ಎದುರಿಗೆ ಕೂತು ಹೇಳುತ್ತಾನೆ, ಆಕೆ ಅವನ ತುಟಿ ನೋಡಿ, ತುಣುಕಿನಲ್ಲಿ ಇಲ್ಲದ ಮುಂದಿನದನ್ನು ಹೇಳುತ್ತಾಳೆ. ತುಟಿ ಸ್ಪಷ್ಟವಾಗಿ ಆಡದಿದ್ದರೆ ಆಕೆಗೆ ತಿಳಿಯುವುದಿಲ್ಲವಂತೆ. ಅದಕ್ಕೆ ಅವನು ಮಧ್ಯಾಹ್ನ ಅರ್ಧ ಶಟರು ಎಳೆದು ಕನ್ನಡಿಯ ಮುಂದೆ ರೂಢಿ ಮಾಡುತ್ತಾನೆ.

ಗೋಡೆಯ ಆಚೆಯಿಂದ ಈಗ ಆ ಹುಡುಗಿಯ ದನಿ ಬರುವುದಿಲ್ಲ, ಅಣ್ಣನದೊಂದೇ ಬರುತ್ತದೆ. 'ಅವ್ವಾ, ನಾ ಹುಟ್ಟಿದ ದಿನಾ ಹೇಳ.' ನಾನು ಅರ್ಜಿ ತುಂಬುವುದನ್ನು ನಿಲ್ಲಿಸಿ ಕೂತಿರುತ್ತೇನೆ. ಹಾಲು ಉಕ್ಕಿದ ತುಣುಕಿಗೆ ಬಂದಾಗ ಅವನು ನಗುತ್ತಾನೆ, ಅವಳ ನಗು ನಿಂತ ಜಾಗಕ್ಕೆ ಬಂದು ನಿಲ್ಲಿಸುತ್ತಾನೆ.